ಖೋ-ಖೋ ಅಂಕಣದಿಂದ ಕಾನೂನು ಕಾಲೇಜಿಗೆ: ಈ ಹಿನ್ನೆಲೆಯನ್ನು ಅರ್ಜಿಯಲ್ಲಿ ಹೇಗೆ ಬರೆಯಬೇಕು?

ಶಿರಾ ಕಡೆಯ ಕಾನೂನು ವಿದ್ಯಾರ್ಥಿನಿ:

ಎಲ್ಲರಿಗೂ ನಮಸ್ಕಾರ. ನಾನು ತುಮಕೂರಿನಲ್ಲಿ ಐದು ವರ್ಷದ ಕಾನೂನು ಪದವಿಯ ನಾಲ್ಕನೇ ವರ್ಷದಲ್ಲಿದ್ದೇನೆ. ಊರು ಶಿರಾ ತಾಲ್ಲೂಕಿನ ಒಂದು ಹಳ್ಳಿ. ಹಿರಿಯ ವಕೀಲರೊಬ್ಬರ ಕಚೇರಿಗೆ ಇಂಟರ್ನ್‌ಶಿಪ್‌ಗಾಗಿ ಅರ್ಜಿ ಹಾಕಬೇಕಾಗಿದ್ದು, ಅವರು ಅಂಕಪಟ್ಟಿಯ ಜೊತೆಗೆ ‘ನಿಮ್ಮ ಹಿನ್ನೆಲೆಯನ್ನು ಒಂದು ಪುಟದಲ್ಲಿ ಬರೆದು ಕಳುಹಿಸಿ’ ಎಂದಿದ್ದಾರೆ. ನನ್ನ ಹಿನ್ನೆಲೆಯೆಂದರೆ ಖೋ-ಖೋ. ಆರನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗೆ ಆಡಿದ್ದೇನೆ. ಹೋಬಳಿ, ತಾಲ್ಲೂಕು, ಜಿಲ್ಲೆ ದಾಟಿ ಒಂದು ವರ್ಷ ವಿಭಾಗ ಮಟ್ಟದವರೆಗೂ ಹೋಗಿದ್ದೇನೆ. ಕಾಲೇಜಿನ ಹಿರಿಯರು ಇದನ್ನು ಕೊನೆಯ ಸಾಲಿನಲ್ಲಿ ಹವ್ಯಾಸವೆಂದು ಹಾಕಿದರೆ ಸಾಕು ಎನ್ನುತ್ತಾರೆ. ಅದು ನನ್ನ ಮನಸ್ಸಿಗೆ ಒಪ್ಪುತ್ತಿಲ್ಲ. ನಾನು ಕಾನೂನು ಓದಲು ಬಂದದ್ದೇ ಆ ಅಂಕಣದಲ್ಲಿ ಕಂಡ ಎರಡು ಸಂಗತಿಗಳಿಂದ. ಅವನ್ನು ಇಲ್ಲಿ ಹೇಳಿ, ತಿಳಿದವರ ಅಭಿಪ್ರಾಯ ಕೇಳುತ್ತಿದ್ದೇನೆ.

ಮೊದಲನೆಯದು ಶೂಗಳ ವಿಚಾರ. ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ಒಂದು ಪಂದ್ಯಾವಳಿಯಲ್ಲಿ ಶೂ ಇಲ್ಲದವರನ್ನು ಅಂಕಣಕ್ಕೆ ಬಿಡುವುದಿಲ್ಲವೆಂದು ನಿಯಮ ಮಾಡಿದ್ದರು. ನಮ್ಮ ಶಾಲೆಯ ತಂಡದಲ್ಲಿದ್ದದ್ದು ಆರು ಜೊತೆ. ಓಡುವ ಸರದಿಯಲ್ಲಿ ಇದು ಹೇಗೋ ನಡೆಯುತ್ತಿತ್ತು, ಏಕೆಂದರೆ ಓಡುವವರು ಮೂರು ಮೂರು ಜನರಂತೆ ಒಳಗೆ ಬರುತ್ತಾರೆ. ಮೊದಲ ಬ್ಯಾಚಿನಲ್ಲಿ ಔಟಾಗಿ ಬಂದವಳು ಗೆರೆಯ ಪಕ್ಕದಲ್ಲೇ ಕುಳಿತು ಶೂ ಬಿಚ್ಚಿ ಮೂರನೇ ಬ್ಯಾಚಿನವಳಿಗೆ ಕೊಡುತ್ತಿದ್ದಳು, ಅಳತೆ ದೊಡ್ಡದಾದರೆ ಮುಂಭಾಗಕ್ಕೆ ಹಳೆಯ ಪೇಪರ್ ತುರುಕಿಕೊಳ್ಳುತ್ತಿದ್ದೆವು. ಆದರೆ ಅಟ್ಟುವ ಸರದಿ ಬಂದಾಗ ಎಂಟು ಜನ ಚೌಕಗಳಲ್ಲಿ ಕೂರಬೇಕು, ಒಬ್ಬಳು ಅಟ್ಟಬೇಕು. ಒಂಬತ್ತು ಮಂದಿಯೂ ಒಟ್ಟಿಗೆ ಒಳಗಿರಬೇಕು. ಮೂರು ಜೊತೆ ಕಡಿಮೆ ಬಿದ್ದವು. ಆಗ ಶೂ ಕೊಟ್ಟವರು ಎದುರಾಳಿ ತಂಡದ ಹುಡುಗಿಯರು. ಅವರ ಹನ್ನೆರಡು ಜನರಲ್ಲಿ ಅಂದು ಆಡದೆ ಹೊರಗಿದ್ದ ಮೂವರು ಯಾರೂ ಕೇಳುವ ಮೊದಲೇ ತಮ್ಮ ಕಾಲಿನದನ್ನು ಬಿಚ್ಚಿ ಮುಂದಿಟ್ಟರು. ನಿಯಮ ಎರಡೂ ತಂಡಗಳಿಗೆ ಒಂದೇ ಆಗಿತ್ತು, ಆದರೆ ಅದರ ಭಾರ ಬಿದ್ದದ್ದು ನಮ್ಮ ಮೇಲೆ ಮಾತ್ರ.

ಎರಡನೆಯದು ಆಯ್ಕೆಯ ವಿಚಾರ. ಪಿಯುಸಿಯಲ್ಲಿದ್ದಾಗ ಒಂದು ತಂಡದ ಆಯ್ಕೆಗೆ ಇಡೀ ದಿನ ಆಡಿಸಿ, ಸಂಜೆ ಹೆಸರುಗಳನ್ನು ಓದಿದರು. ನನ್ನ ಹೆಸರು ಇರಲಿಲ್ಲ. ನನಗಿಂತ ಚೆನ್ನಾಗಿ ಆಡಿದವರು ಇದ್ದರೆಂದು ಹೇಳಿದ್ದರೆ ತಲೆಬಾಗಿ ಬರುತ್ತಿದ್ದೆ. ಏನನ್ನು ನೋಡಿ ಆರಿಸಿದಿರಿ ಎಂದು ಕೇಳಿದ್ದಕ್ಕೆ ಬಂದ ಉತ್ತರ, ‘ಅದನ್ನೆಲ್ಲ ನಿನಗೆ ಹೇಳಬೇಕಾಗಿಲ್ಲ’ ಎಂಬುದು. ಅಂಕ ಬರೆದ ಹಾಳೆಯಾಗಲಿ, ಮತ್ತೆ ಕೇಳಲು ಮೇಲೊಬ್ಬರಾಗಲಿ ಇರಲಿಲ್ಲ. ಯಾವ ಸಂಸ್ಥೆ, ಯಾರು ಎಂಬುದು ಇಲ್ಲಿ ಬೇಡ. ಎರಡು ವರ್ಷಗಳ ನಂತರ ತರಗತಿಯಲ್ಲಿ ಸಹಜ ನ್ಯಾಯದ ತತ್ವಗಳನ್ನು ಪಾಠ ಮಾಡುವಾಗ, ನಿರ್ಧಾರಕ್ಕೆ ಕಾರಣ ಕೊಡಬೇಕು ಎಂಬ ಮಾತು ಬಂದ ಕೂಡಲೇ ನನಗೆ ಆ ಸಂಜೆ ನೆನಪಾಯಿತು.

ನನ್ನ ಪ್ರಶ್ನೆಗಳು ಎರಡು. ಇದನ್ನು ಆ ಒಂದು ಪುಟದಲ್ಲಿ ಹೇಗೆ ಬರೆಯಲಿ? ಮತ್ತು ನಮ್ಮೂರ ಶಾಲೆಯ ಮೈದಾನದಲ್ಲಿ ಈಗ ಸಂಜೆ ಒಬ್ಬ ಹುಡುಗಿಯೂ ಆಡುವುದಿಲ್ಲ. ವಕೀಲಳಾಗುವ ಮೊದಲೇ ಈ ವಿಚಾರದಲ್ಲಿ ನಾನು ಮಾಡಬಹುದಾದದ್ದು ಏನಾದರೂ ಇದೆಯೇ?

ಕೋಲಾರದ ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ:

ತಾಯಿ, ನಿಮ್ಮ ಬರಹ ಓದಿ ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ಮೂವತ್ತು ವರ್ಷ ಮಕ್ಕಳನ್ನು ಹೋಬಳಿ ಮಟ್ಟದ ಕ್ರೀಡಾಕೂಟಕ್ಕೆ ಕರೆದುಕೊಂಡು ಹೋದವನು ನಾನು. ಶೂ ಹಂಚಿಕೊಂಡು ಓಡಿದ ಮಕ್ಕಳನ್ನು ನಾನೂ ಕಂಡಿದ್ದೇನೆ, ಆದರೆ ಅದನ್ನು ನಿಯಮದ ಅನ್ಯಾಯವೆಂದು ನಾನು ಯೋಚಿಸಿರಲಿಲ್ಲ. ನಮ್ಮ ಬಡತನವೆಂದು ಅಂದುಕೊಂಡಿದ್ದೆ. ಈ ವ್ಯತ್ಯಾಸವನ್ನು ಕಂಡವರು ನೀವು, ಆದ್ದರಿಂದ ಖೋ-ಖೋ ನಿಮ್ಮ ಪುಟದ ಮೊದಲ ಸಾಲಿನಲ್ಲೇ ಇರಲಿ.

ಮೈದಾನದ ವಿಚಾರಕ್ಕೆ ಬರುತ್ತೇನೆ. ಹೆಣ್ಣುಮಕ್ಕಳು ಆಟ ಬಿಡುವುದು ಆಸಕ್ತಿ ಇಲ್ಲದೆ ಎಂದು ಬಹಳ ಜನ ಹೇಳುತ್ತಾರೆ. ನಾನು ಕಂಡಂತೆ ಅದು ಎಂಟನೇ, ಒಂಬತ್ತನೇ ತರಗತಿಯಲ್ಲಿ ಆಗುತ್ತದೆ ಮತ್ತು ಅದಕ್ಕೆ ಕಾರಣಗಳು ಬಹಳ ಸಣ್ಣವು. ಶಾಲೆ ಬಿಟ್ಟ ಕೂಡಲೇ ಶೌಚಾಲಯಕ್ಕೆ ಬೀಗ ಬೀಳುತ್ತದೆ. ಸಂಜೆಯ ಬಸ್ಸು ತಪ್ಪಿದರೆ ಮತ್ತೊಂದು ಬಸ್ಸಿಲ್ಲ. ಮುಟ್ಟಿನ ದಿನಗಳಲ್ಲಿ ಬಟ್ಟೆ ಬದಲಿಸಲು ಜಾಗವಿಲ್ಲದೆ ಅಭ್ಯಾಸ ತಪ್ಪಿಸಿದ ಹುಡುಗಿ, ನಾಲ್ಕು ದಿನ ಏಕೆ ಬರಲಿಲ್ಲವೆಂದು ಗಂಡು ಮೇಷ್ಟ್ರು ಎಲ್ಲರ ಮುಂದೆ ಕೇಳಿದರೆ ಐದನೇ ದಿನವೂ ಬರುವುದಿಲ್ಲ. ಆ ತಪ್ಪನ್ನು ನಾನೂ ಮಾಡಿದ್ದೇನೆ ಮತ್ತು ಆ ಮಗುವಿನ ಮುಖ ಇಂದಿಗೂ ನನಗೆ ನೆನಪಿದೆ. ಇವೆಲ್ಲ ಸರಿಯಾದ ಮೇಲೂ ಮೈದಾನದ ನಡುವೆ ಗಂಡುಮಕ್ಕಳ ಕ್ರಿಕೆಟ್ ಪಿಚ್ ಇರುತ್ತದೆ. ಹುಡುಗಿಯರಿಗೆ ಉಳಿಯುವುದು ಕಾಂಪೌಂಡಿನ ಅಂಚು.

2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ-ಖೋ ವಿಶ್ವಕಪ್‌ನಲ್ಲಿ ಭಾರತದ ಪುರುಷರ ತಂಡವೂ ಮಹಿಳೆಯರ ತಂಡವೂ ಗೆದ್ದವು. ಆ ಮಹಿಳಾ ತಂಡದಲ್ಲಿ ನಮ್ಮ ಮೈಸೂರು ಜಿಲ್ಲೆಯ ಹಳ್ಳಿಯ ಹುಡುಗಿಯೊಬ್ಬಳು ಇದ್ದಳು. ಅಂಥವರು ಬೆಳೆಯುವುದು ಇಂಥ ಮೈದಾನಗಳಲ್ಲೇ.

ನನ್ನದೊಂದು ಸಲಹೆ ಇದೆ. ಏನನ್ನೂ ಕೇಳುವ ಮೊದಲು ಒಂದು ವಾರ ಪ್ರತಿದಿನ ಸಂಜೆ ನಾಲ್ಕೂವರೆಯಿಂದ ಆರರವರೆಗೆ ಮೈದಾನದಲ್ಲಿ ಯಾರು ಎಷ್ಟು ಹೊತ್ತು ಇದ್ದರು ಎಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ಸಭೆಯಲ್ಲಿ ‘ಹುಡುಗಿಯರಿಗೆ ಜಾಗವಿಲ್ಲ’ ಎಂದರೆ ‘ಯಾರು ಬೇಡ ಅಂದರು’ ಎಂಬ ಉತ್ತರ ಬರುತ್ತದೆ. ಲೆಕ್ಕ ಮುಂದಿಟ್ಟರೆ ಹಾಗೆ ಹೇಳುವುದು ಕಷ್ಟ.

ತುಮಕೂರಿನ ಯುವ ವಕೀಲ:

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನಾನು ಕೆಲಸ ಮಾಡುವ ಕಚೇರಿಗೆ ಬರುವ ಇಂಟರ್ನ್‌ಶಿಪ್ ಅರ್ಜಿಗಳನ್ನು ಮೊದಲು ಓದುವವನು ನಾನೇ. ಕ್ರೀಡೆಯಿಂದ ಶಿಸ್ತು ಬಂತು, ನಾಯಕತ್ವದ ಗುಣ ಬಂತು ಎಂಬ ವಾಕ್ಯ ಎಷ್ಟೋ ಅರ್ಜಿಗಳಲ್ಲಿರುತ್ತದೆ ಮತ್ತು ಅದರಿಂದ ಆ ವ್ಯಕ್ತಿಯ ಬಗ್ಗೆ ನನಗೆ ಏನೂ ತಿಳಿಯುವುದಿಲ್ಲ. ಕಚೇರಿಯಲ್ಲಿ ಬೇಕಾಗುವುದು ಕಡತ ಓದುವ ತಾಳ್ಮೆ, ದಿನಾಂಕಗಳ ಪಟ್ಟಿಯನ್ನು ತಪ್ಪಿಲ್ಲದೆ ಮಾಡುವ ಎಚ್ಚರ, ಕಕ್ಷಿದಾರರು ಅಳುತ್ತಾ ಹೇಳಿದ್ದರಲ್ಲಿ ದಾವೆಗೆ ಬೇಕಾದದ್ದನ್ನು ಹೆಕ್ಕಿ ಬರೆಯುವ ಶಕ್ತಿ. ನೀವು ಇಲ್ಲಿ ಬರೆದ ಶೂಗಳ ಪ್ಯಾರಾದಲ್ಲಿ ಆ ಶಕ್ತಿ ಕಾಣುತ್ತದೆ, ಆಯ್ಕೆಯ ಪ್ಯಾರಾದಲ್ಲಿ ಅಷ್ಟಾಗಿ ಇಲ್ಲ. ಅಲ್ಲಿ ನೋವು ಮುಂದೆ ನಿಂತಿದೆ, ಸಂಗತಿ ಹಿಂದೆ ಸರಿದಿದೆ. ಅದನ್ನು ಮತ್ತೊಮ್ಮೆ ಬರೆದು ಇಲ್ಲಿ ಹಾಕಿ, ನೋಡೋಣ.

ಚಿಂತಾಮಣಿಯ ವಕೀಲೆ:

ತಂಗಿ, ನಿನ್ನ ಎರಡು ಸಂಗತಿಗಳೂ ಕಾನೂನಿನ ಎರಡು ದೊಡ್ಡ ಪ್ರಶ್ನೆಗಳೇ ಆಗಿವೆ. ಆಯ್ಕೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಇಲ್ಲಿ ಕಾನೂನು ಎಲ್ಲಿಯವರೆಗೆ ಬರುತ್ತದೆ ಎಂಬುದನ್ನು ಮೊದಲು ತಿಳಿದಿರಬೇಕು. ರಿಯೊ ಒಲಿಂಪಿಕ್ಸ್‌ಗೆ ಮುನ್ನ 2016ರಲ್ಲಿ ಕುಸ್ತಿಪಟು ಸುಶೀಲ್ ಕುಮಾರ್ ತಮಗೂ ಆಯ್ಕೆ ಪಂದ್ಯ ನಡೆಸಬೇಕೆಂದು ದೆಹಲಿ ಹೈಕೋರ್ಟಿಗೆ ಹೋದರು. ಎರಡು ಒಲಿಂಪಿಕ್ ಪದಕ ಗೆದ್ದವರ ಅರ್ಜಿಯನ್ನೂ ನ್ಯಾಯಾಲಯ ತಳ್ಳಿಹಾಕಿತು. ಯಾರನ್ನು ಆರಿಸಬೇಕೆಂಬುದು ಆಟ ಬಲ್ಲವರ ಕೆಲಸ, ಮನಸೋಇಚ್ಛೆಯ ನಿರ್ಧಾರವಾಗಿದ್ದರೆ ಮಾತ್ರ ನ್ಯಾಯಾಲಯ ಕೈಹಾಕುತ್ತದೆ ಎಂಬುದು ಅದರ ನಿಲುವು. ಇನ್ನು ಕ್ರೀಡಾ ಸಂಸ್ಥೆ ಖಾಸಗಿಯಾದರೆ ನ್ಯಾಯಾಲಯಕ್ಕೆ ಹೋಗಲು ದಾರಿಯೇ ಇಲ್ಲವೇ ಎಂದರೆ, ಇದೆ. ಜೀ ಟೆಲಿಫಿಲ್ಮ್ಸ್ ಪ್ರಕರಣದಲ್ಲಿ 2005ರಲ್ಲಿ ಸುಪ್ರೀಂ ಕೋರ್ಟ್, ಕ್ರಿಕೆಟ್ ಮಂಡಳಿ ಬಿಸಿಸಿಐಯು ನಮ್ಮ ಸಂವಿಧಾನದ 12ನೇ ವಿಧಿಯ ಅರ್ಥದಲ್ಲಿ ‘ರಾಜ್ಯ’, ಅಂದರೆ ಸರ್ಕಾರದ ಅಂಗ, ಅಲ್ಲವೆಂದರೂ, ಅದು ಮಾಡುವ ಕೆಲಸ ಸಾರ್ವಜನಿಕವಾದದ್ದರಿಂದ 226ನೇ ವಿಧಿಯಡಿ ಹೈಕೋರ್ಟಿಗೆ ಹೋಗಬಹುದು ಎಂದಿತು. ಈಗ 2025ರ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆ ಕ್ರೀಡಾ ವಿವಾದಗಳಿಗೆ ಪ್ರತ್ಯೇಕ ನ್ಯಾಯಮಂಡಳಿಯನ್ನೂ ಹೇಳಿದೆ.

ಹಾಗಾದರೆ ನೀನು ಕೇಳಬೇಕಾದದ್ದು ‘ನನ್ನನ್ನು ಏಕೆ ಆರಿಸಲಿಲ್ಲ’ ಎಂದಲ್ಲ. ‘ಆರಿಸುವ ಅಳತೆ ಯಾವುದು, ಅದನ್ನು ಮೊದಲೇ ಹೇಳಿದ್ದಿರಾ, ಅಂಕದ ಹಾಳೆ ಎಲ್ಲಿ’ ಎಂದು ಕೇಳಬೇಕು. ಆಯ್ಕೆ ನಡೆಸಿದ್ದು ಸಾರ್ವಜನಿಕ ಪ್ರಾಧಿಕಾರವಾಗಿದ್ದರೆ ಮಾಹಿತಿ ಹಕ್ಕು ಕಾಯ್ದೆಯ ಕಲಂ 4(1)(ಡಿ) ಓದು. ಆಡಳಿತಾತ್ಮಕ ನಿರ್ಧಾರದಿಂದ ಬಾಧಿತರಾದವರಿಗೆ ಕಾರಣ ತಿಳಿಸಬೇಕೆಂದು ಅದು ಹೇಳುತ್ತದೆ. ಅಂಥ ಪ್ರಾಧಿಕಾರ ಕೊಡುವ ‘ನಿನಗೆ ಹೇಳಬೇಕಾಗಿಲ್ಲ’ ಎಂಬ ಉತ್ತರಕ್ಕೆ 2005ರಿಂದಲೇ ಕಾನೂನಿನಲ್ಲಿ ಜಾಗವಿಲ್ಲ. ಹಾರ್ಮೋನ್ ಮಟ್ಟದ ನಿಯಮದಿಂದಾಗಿ ಮಹಿಳೆಯರ ಓಟದಿಂದ ಹೊರಗುಳಿದ ದಕ್ಷಿಣ ಆಫ್ರಿಕಾದ ಓಟಗಾರ್ತಿ ಕ್ಯಾಸ್ಟರ್ ಸೆಮೆನ್ಯಾ ಅವರ ಪ್ರಕರಣದಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2025ರ ಜುಲೈನಲ್ಲಿ ಕೊಟ್ಟ ತೀರ್ಪನ್ನೂ ನೋಡು. ಅವರನ್ನು ಓಡಲು ಬಿಡಬೇಕೇ ಬೇಡವೇ ಎಂಬುದನ್ನು ಅದು ತೀರ್ಮಾನಿಸಲಿಲ್ಲ. ಮೊದಲು ಪ್ರಕರಣ ಕೇಳಿದ್ದ ಸ್ವಿಟ್ಜರ್ಲೆಂಡಿನ ನ್ಯಾಯಾಲಯ ಅವರ ಅಹವಾಲನ್ನು ಸಾಕಷ್ಟು ಆಳವಾಗಿ ಪರಿಶೀಲಿಸಲಿಲ್ಲ, ಆದ್ದರಿಂದ ನ್ಯಾಯಯುತ ವಿಚಾರಣೆಯ ಹಕ್ಕಿಗೆ ಧಕ್ಕೆಯಾಗಿದೆ ಎಂದಿತು. ನಿನ್ನ ಆ ಸಂಜೆಯ ಪ್ರಶ್ನೆಯೂ ಅದೇ ಜಾತಿಯದು.

ಶೂಗಳ ವಿಚಾರಕ್ಕೆ ನಮ್ಮ ವೃತ್ತಿಯಿಂದಲೇ ಒಂದು ಉದಾಹರಣೆ ಕೊಡುತ್ತೇನೆ. ವಕೀಲರಾಗಿ ನೋಂದಾಯಿಸಿಕೊಳ್ಳಲು ರಾಜ್ಯಗಳ ವಕೀಲರ ಪರಿಷತ್ತುಗಳು ಸಾವಿರಾರು ರೂಪಾಯಿ ಕಟ್ಟಿಸಿಕೊಳ್ಳುತ್ತಿದ್ದವು. ಶುಲ್ಕ ಒಂದೇ, ಆದರೆ ಕೂಲಿ ಮಾಡುವ ಮನೆಯಿಂದ ಬಂದವರಿಗೆ ಅದು ದಾಟಲಾಗದ ಗೋಡೆ. 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್, 1961ರ ವಕೀಲರ ಕಾಯ್ದೆಯಲ್ಲಿ ಹೇಳಿರುವುದಕ್ಕಿಂತ ಹೆಚ್ಚು ವಸೂಲು ಮಾಡುವಂತಿಲ್ಲ ಎಂದಿತು: ಸಾಮಾನ್ಯ ವರ್ಗಕ್ಕೆ 750 ರೂಪಾಯಿ, ಪರಿಶಿಷ್ಟರಿಗೆ 125 ರೂಪಾಯಿ. ಕಾಗದದ ಮೇಲಿನ ಸಮಾನತೆ ಸಾಲದು, ಬದುಕಿನಲ್ಲಿ ನಿಜವಾಗುವ ಸಮಾನತೆ ಬೇಕು ಎಂಬುದು ಆ ತೀರ್ಪಿನ ಜೀವಾಳ. ನಿನ್ನ ಪುಟದಲ್ಲಿ ಆರು ಜೊತೆ ಶೂ, ಒಂಬತ್ತು ಜೊತೆ ಕಾಲು ಎಂದು ಬರೆದು, ಮುಂದಿನ ಸಾಲಿನಲ್ಲಿ ಈ ತೀರ್ಪನ್ನು ಹೇಳಿದರೆ, ಓದುವವರಿಗೆ ನೀನು ಏನನ್ನು ಹೇಗೆ ನೋಡುತ್ತೀಯ ಎಂಬುದು ತಿಳಿಯುತ್ತದೆ.

ಗೌರಿಬಿದನೂರಿನ ತಾಯಿ:

ನನ್ನ ಮಗನಿಗೆ ಒಂದು ಕಾಲಿನಲ್ಲಿ ಹುಟ್ಟಿನಿಂದಲೇ ಬಲವಿಲ್ಲ. ಆಟದ ಪೀರಿಯಡ್ ಬಂದರೆ ಅವನನ್ನು ತರಗತಿಯಲ್ಲೇ ಕೂರಿಸಿ ಬ್ಯಾಗುಗಳನ್ನು ಕಾಯಲು ಹೇಳುತ್ತಿದ್ದರು. ಅದು ಕನಿಕರದಿಂದ ಮಾಡಿದ್ದು, ಕೆಟ್ಟ ಮನಸ್ಸಿನಿಂದಲ್ಲ. ಆದರೂ ಏಳು ವರ್ಷ ಅವನು ಬ್ಯಾಗು ಕಾದ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ ಕಲಂ 30 ಕ್ರೀಡೆಯಲ್ಲಿ ಭಾಗವಹಿಸುವ ಹಕ್ಕಿನ ಬಗ್ಗೆಯೇ ಇದೆ ಎಂದು ನನಗೆ ತಿಳಿದದ್ದು ಅವನು ಶಾಲೆ ಬಿಟ್ಟ ಮೇಲೆ. ಈಗ ಅವನು ಗುಂಡು ಎಸೆತ ಕಲಿಯುತ್ತಿದ್ದಾನೆ.

ನಿಮಗೆ ಒಂದು ಮಾತು ಹೇಳಬೇಕೆನಿಸಿತು, ಅಮ್ಮ. ನೀವು ಊರಿನ ಹುಡುಗಿಯರ ಪರವಾಗಿ ಮಾತಾಡಲು ಹೋಗುವ ಮೊದಲು ಅವರನ್ನು ಕೂರಿಸಿಕೊಂಡು ಏನು ಬೇಕೆಂದು ಕೇಳಿ. ನನ್ನ ಮಗನ ಪರವಾಗಿ ಮಾತಾಡಿದವರೆಲ್ಲ ಅವನಿಗೆ ಗಾಲಿಕುರ್ಚಿ ಕೊಡಿಸಿ ಎಂದರು. ಅವನು ಕುರ್ಚಿ ಕೇಳಿರಲಿಲ್ಲ. ಕೇಳಿದ್ದು ಕಬ್ಬಿಣದ ಗುಂಡು.

ಶಿರಾ ಕಡೆಯ ಕಾನೂನು ವಿದ್ಯಾರ್ಥಿನಿ:

ಮೇಷ್ಟ್ರೇ, ಮೇಡಂ, ಸರ್, ಅಕ್ಕ, ಎಲ್ಲರಿಗೂ ಕೃತಜ್ಞತೆಗಳು. ಗೌರಿಬಿದನೂರಿನ ಅಕ್ಕ ಹೇಳಿದ್ದು ನನಗೆ ತಟ್ಟಿತು. ನಾನು ಹುಡುಗಿಯರಿಗೆ ಖೋ-ಖೋ ಅಂಕಣ ಬೇಕೆಂದು ಮನವಿಯನ್ನು ಆಗಲೇ ಬರೆದಿಟ್ಟಿದ್ದೆ, ಒಬ್ಬರನ್ನೂ ಕೇಳಿರಲಿಲ್ಲ. ಮನವಿಯನ್ನು ಪಕ್ಕಕ್ಕಿಟ್ಟು ಈ ವಾರ ಊರಿಗೆ ಹೋಗುತ್ತೇನೆ. ಮೇಡಂ, ಶಾಲೆಯನ್ನು ಯಾವ ಕಾನೂನಿನಡಿ ಕೇಳಬೇಕು?

ಚಿಂತಾಮಣಿಯ ವಕೀಲೆ:

ಒಂದರಿಂದ ಎಂಟನೇ ತರಗತಿಯ ಶಾಲೆಯಾದರೆ 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯನ್ನು ಹಿಡಿ. ಆಟದ ಮೈದಾನ, ಆಟದ ಸಾಮಗ್ರಿ, ಗಂಡು ಮತ್ತು ಹೆಣ್ಣುಮಕ್ಕಳಿಗೆ ಪ್ರತ್ಯೇಕ ಶೌಚಾಲಯ, ಇವು ಶಾಲೆಗೆ ಇರಲೇಬೇಕಾದವುಗಳ ಪಟ್ಟಿಯಲ್ಲಿವೆ. ಮೊದಲು ಎಸ್‌ಡಿಎಂಸಿಯ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಮುಂದೆ ಮಾತಾಡು, ಆಗದಿದ್ದರೆ ಮಕ್ಕಳ ಗ್ರಾಮಸಭೆಯಲ್ಲಿ ಹುಡುಗಿಯರೇ ಕೇಳಲಿ. ನೇರವಾಗಿ ದೂರಿನಿಂದ ಆರಂಭಿಸಬೇಡ. ಅದೇ ಮುಖ್ಯೋಪಾಧ್ಯಾಯರ ಜೊತೆ ಆ ಮಕ್ಕಳು ವರ್ಷಗಟ್ಟಲೆ ಇರಬೇಕು.

ಇನ್ನೊಂದು ವಿಷಯವನ್ನು ಆ ಹುಡುಗಿಯರಿಗೂ ಅವರ ತಾಯಂದಿರಿಗೂ ತಪ್ಪದೆ ತಿಳಿಸಬೇಕು. ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಲ್ಲಿ ಕೆಲಸದ ಸ್ಥಳ ಎಂಬುದರ ಅರ್ಥದೊಳಗೆ ಕ್ರೀಡಾ ಸಂಸ್ಥೆ, ಕ್ರೀಡಾಂಗಣ, ಸ್ಪರ್ಧೆ ನಡೆಯುವ ಜಾಗ ಎಲ್ಲವೂ ಬರುತ್ತವೆ. ಹತ್ತಕ್ಕಿಂತ ಕಡಿಮೆ ಕೆಲಸಗಾರರಿರುವ ಕಡೆಯಾದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಘಟನೆ ನಡೆದ ಮೂರು ತಿಂಗಳೊಳಗೆ ಕೊಡಬೇಕು, ತಕ್ಕ ಕಾರಣವಿದ್ದರೆ ಇನ್ನೂ ಮೂರು ತಿಂಗಳು ಸಿಗುತ್ತದೆ. ಹದಿನೆಂಟು ತುಂಬದವರ ವಿಷಯದಲ್ಲಿ ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಪೋಕ್ಸೊ ಕಾಯ್ದೆಯಿದೆ, ಅಲ್ಲಿ ವಿಷಯ ತಿಳಿದವರು ಪೊಲೀಸರಿಗೆ ತಿಳಿಸದೆ ಇರುವುದೇ ಅಪರಾಧ. ಮೈದಾನಕ್ಕೆ ಮಗಳನ್ನು ಕಳುಹಿಸಲು ತಾಯಂದಿರು ಹಿಂಜರಿಯುವುದು ಬಾಯಿಬಿಟ್ಟು ಹೇಳಲಾಗದ ಈ ಭಯದಿಂದಲೇ ಆಗಿರುವುದುಂಟು.

ನೀನು ವಕೀಲಳಾಗುವವರೆಗೆ ಕಾಯಬೇಕಿಲ್ಲ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಕಾನೂನು ವಿದ್ಯಾರ್ಥಿಗಳೂ ಅರೆಕಾನೂನು ಸ್ವಯಂಸೇವಕರಾಗಿ ಸೇರಬಹುದು. ಮಹಿಳೆಯರಿಗೂ ಮಕ್ಕಳಿಗೂ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವಿದೆ ಎಂಬುದನ್ನು ಊರಿಗೆ ತಿಳಿಸುವುದೇ ಒಂದು ಕೆಲಸ.

ಶಿರಾ ಕಡೆಯ ಕಾನೂನು ವಿದ್ಯಾರ್ಥಿನಿ:

ಐದು ವಾರಗಳ ನಂತರ ಬರೆಯುತ್ತಿದ್ದೇನೆ, ತಡವಾದದ್ದಕ್ಕೆ ಕ್ಷಮಿಸಿ. ಮೇಷ್ಟ್ರು ಹೇಳಿದಂತೆ ಲೆಕ್ಕ ಬರೆದೆ. ಆರು ಸಂಜೆಗಳಲ್ಲಿ ಮೈದಾನಕ್ಕೆ ಬಂದ ಹುಡುಗಿಯರು ಇಬ್ಬರು, ಅವರೂ ತಮ್ಮ ತಮ್ಮಂದಿರನ್ನು ಕರೆದೊಯ್ಯಲು ಬಂದವರು. ಹನ್ನೊಂದು ಹುಡುಗಿಯರನ್ನು ಕೂರಿಸಿಕೊಂಡು ಮಾತಾಡಿಸಿದೆ. ಅಂಕಣ ಬೇಕೆಂದು ಯಾರೂ ಮೊದಲು ಹೇಳಲಿಲ್ಲ. ಹೇಳಿದ್ದು ಶೌಚಾಲಯದ ಬೀಗದ ಬಗ್ಗೆ. ಎಸ್‌ಡಿಎಂಸಿ ಸಭೆಯಲ್ಲಿ ಲೆಕ್ಕದ ಪುಸ್ತಕ ಮುಂದಿಟ್ಟಾಗ ಒಬ್ಬರು ಸದಸ್ಯರು, ಹುಡುಗಿಯರು ಬಂದರೆ ತಾನೇ ಬೀಗ ತೆಗೆಯುವುದು ಎಂದರು. ಬೀಗ ತೆಗೆದರೆ ತಾನೇ ಬರುವುದು ಎಂದು ಹಿಂದೆ ಕುಳಿತಿದ್ದ ಒಬ್ಬ ಹುಡುಗಿಯ ಅಜ್ಜಿ ಉತ್ತರ ಕೊಟ್ಟರು. ಮಂಗಳವಾರ, ಗುರುವಾರ, ಶನಿವಾರದ ಸಂಜೆ ಮೈದಾನದ ಅರ್ಧ ಭಾಗ ಹುಡುಗಿಯರಿಗೆಂದು ತೀರ್ಮಾನವಾಗಿ, ನಡಾವಳಿ ಪುಸ್ತಕದಲ್ಲಿ ಬರೆಸಿಕೊಂಡೆ. ಬೀಗದ ಕೈ ಆ ದಿನಗಳಲ್ಲಿ ಬಿಸಿಯೂಟದ ಅಡುಗೆಯವರ ಮನೆಯಲ್ಲಿರುತ್ತದೆ.

ಕಳೆದ ವರ್ಷದ ಒಂದು ತಂಡದ ಆಯ್ಕೆಗೆ ಅನುಸರಿಸಿದ ಮಾನದಂಡ ಮತ್ತು ಅಂಕಪಟ್ಟಿಯನ್ನು ಕೇಳಿ ಮಾಹಿತಿ ಹಕ್ಕಿನ ಅರ್ಜಿಯನ್ನೂ ಹಾಕಿದ್ದೇನೆ. ನಮ್ಮ ರಾಜ್ಯದ ನಿಯಮದಂತೆ ಒಂದೇ ವಿಷಯ, ನೂರೈವತ್ತು ಪದ ಮೀರಬಾರದು. ನನ್ನದು 143ಕ್ಕೆ ನಿಂತಿತು. ಮೂವತ್ತು ದಿನ ಇನ್ನೂ ತುಂಬಿಲ್ಲ.

ಸರ್, ಆಯ್ಕೆಯ ಪ್ಯಾರಾವನ್ನು ನೀವು ಹೇಳಿದಂತೆ ತಿದ್ದಿ ಬರೆದಿದ್ದೇನೆ. ಅದು ಈಗ ಹೀಗಿದೆ: ‘ಬೆಳಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಆಡಿಸಿದರು. ಆಯ್ಕೆಯ ಮಾನದಂಡವನ್ನು ಮೊದಲು ಹೇಳಿರಲಿಲ್ಲ. ಯಾರೂ ಅಂಕ ಬರೆದದ್ದನ್ನು ನಾನು ನೋಡಲಿಲ್ಲ. ಕಾರಣ ಕೇಳಿದೆ, ಕೊಡಲಿಲ್ಲ. ಮೇಲ್ಮನವಿಗೆ ಅವಕಾಶವಿರಲಿಲ್ಲ. ಈ ನಾಲ್ಕರಲ್ಲಿ ಯಾವುದಕ್ಕೆ ಕಾನೂನಿನಲ್ಲಿ ಪರಿಹಾರವಿದೆ ಎಂಬುದನ್ನು ತಿಳಿಯಲು ನಾನು ನಿಮ್ಮ ಕಚೇರಿಗೆ ಬರಬಯಸುತ್ತೇನೆ.’

ತುಮಕೂರಿನ ಯುವ ವಕೀಲ:

‘ಈ ನಾಲ್ಕರಲ್ಲಿ’ ಎನ್ನುವ ಮೊದಲು ಇರುವುದು ನಾಲ್ಕಲ್ಲ, ಐದು ವಾಕ್ಯ; ಮೊದಲನೆಯದು ಸಂಗತಿ, ಉಳಿದ ನಾಲ್ಕು ದೂರುಗಳು. ಆದ್ದರಿಂದ ಎರಡನೇ ವಾಕ್ಯದಿಂದ ಪ್ಯಾರಾ ಒಡೆದರೆ ಲೆಕ್ಕ ಸರಿಹೋಗುತ್ತದೆ. ಉಳಿದಂತೆ ಒಂದು ಪದವನ್ನೂ ಮುಟ್ಟಬೇಡಿ. ಇಂಥ ಅರ್ಜಿ ನನ್ನ ಮೇಜಿಗೆ ಬಂದಿದ್ದರೆ ಅಂದೇ ದೂರವಾಣಿ ಮಾಡುತ್ತಿದ್ದೆ.

ಕೋಲಾರದ ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ:

ತಾಯಿ, ಮೊದಲ ದಿನ ಎಷ್ಟು ಮಕ್ಕಳು ಬಂದರು?

ಶಿರಾ ಕಡೆಯ ಕಾನೂನು ವಿದ್ಯಾರ್ಥಿನಿ:

ಏಳು, ಮೇಷ್ಟ್ರೇ. ಅಟ್ಟಲು ಒಂಬತ್ತು ಬೇಕಾದ್ದರಿಂದ ನಾನೂ, ನನ್ನ ಹಳೆಯ ತಂಡದ ಗೆಳತಿಯೂ ಚೌಕಗಳಲ್ಲಿ ಕುಳಿತೆವು. ಎಲ್ಲರೂ ಬರಿಗಾಲಿನಲ್ಲೇ ಆಡಿದೆವು.